ಕೆಂಪು ತೊಟ್ಟಿಲಿನ ಕಡಲೆಕಾಯಿ ಸಿಪ್ಪೆ

ತಿಪಟೂರಿನ ಕೊಬ್ಬರಿ ಮಂಡಿಗಳ ಹಿಂದೆ ಆಗ ಒಂದು ಹಾಳು ಬಾವಿ ಇತ್ತು. ರಾತ್ರಿ ಆ ದಾರಿಯಲ್ಲಿ ಬಂದರೆ ಹಿಂದಿನಿಂದ ಯಾರೋ ಹೆಸರು ಹಿಡಿದು ಕರೀತಾರೆ, ಓ ಅನ್ನಬಾರದು, ತಿರುಗಿ ನೋಡಬಾರದು ಅಂತ ಹೇಳುತ್ತಿದ್ದರು. ನಮ್ಮ ದೊಡ್ಡಪ್ಪನ ಮಗಳು ಕಲ್ಲಮ್ಮಕ್ಕ ಒಂದು ಇಡೀ ಚಳಿಗಾಲ, ಊರೆಲ್ಲ ಮಲಗಿದ ಮೇಲೆ, ಪೊರಕೆ ಹೆಗಲಿಗೇರಿಸಿಕೊಂಡು ಆ ಬಾವಿ ಪಕ್ಕದಲ್ಲೇ ಮನೆಗೆ ಬಂದಳು. ಒಂದು ಕಪ್ಪೆ ಕೂಡ ಅವಳನ್ನು ಕರೆಯಲಿಲ್ಲ.

"ಕಟ್ಕೊಂಡ ಗಂಡನೇ ಕರೀಲಿಲ್ಲ, ಇನ್ನು ದೆವ್ವ ಕರೀತದಾ, ಬುಡು" ಅನ್ನೋಳು.

ದೆವ್ವ ಬಾವಿಯೊಳಗೆ ಇರಲಿಲ್ಲ. ಅದು ಇದ್ದದ್ದು ಮೇಲೆ... ಜಾಯಿಂಟ್ ವೀಲಿನ ತುದಿಯಲ್ಲಿ.

ನಗಬೇಡಿ. ನಾನು ಅರ್ಥಶಾಸ್ತ್ರ ಓದಿದವಳು, ಅದನ್ನೇ ಪಾಠ ಮಾಡಿ ಸಂಬಳ ಎಣಿಸುವವಳು. ದೆವ್ವದ ವಿಷಯ ಎತ್ತಿದರೆ ಸ್ಟಾಫ್ ರೂಮಿನಲ್ಲಿ ನನ್ನ ಮರ್ಯಾದೆಗೆ ಕುಂದು. ಅದಕ್ಕೇ ಇದನ್ನು ಹಗಲು ಹೊತ್ತು ಹೇಳುವುದಿಲ್ಲ. ಈಗ ಕತ್ತಲಾಗಿದೆ... ಹೇಳುತ್ತೇನೆ.

ಎಪ್ಪತ್ತೊಂಬತ್ತನೇ ಇಸವಿ. ನಾನು ಬಿ.ಎ. ಓದಲು ತಿಪಟೂರಿನಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದೆ. ಕೆಂಕೆರೆಯ ಗಂಡ ಇನ್ನೊಬ್ಬಳನ್ನು ಮನೆಗೆ ತಂದುಕೊಂಡ ಮೇಲೆ, ಕಲ್ಲಮ್ಮಕ್ಕ ತನ್ನ ಟ್ರಂಕು ಹೊತ್ತುಕೊಂಡು ನನ್ನ ಕೋಣೆಗೇ ಬಂದುಬಿಟ್ಟಳು. ಅಡುಗೆ ಅವಳದು, ಓದು ನನ್ನದು. ನಮ್ಮ ತಲೆಯ ಮೇಲೆ ಮನೆ ಯಜಮಾನರ ಅಟ್ಟ. ಅಟ್ಟದ ತುಂಬ ಒಣಗಲು ಹಾಕಿದ ಕಾಯಿ. ಇಲಿ ಓಡಾಡಿದರೆ ಒಳಗಿನ ಕೊಬ್ಬರಿ ಲೊಟಲೊಟ ಅನ್ನೋದು. ಆ ಸದ್ದಿನ ಕೆಳಗೆ ಮಲಗಿ ಅಭ್ಯಾಸವಾದವರಿಗೆ ಸುಲಭಕ್ಕೆ ಭಯ ಬರುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಆ ವರ್ಷ ಮೈದಾನದಲ್ಲಿ ಎಗ್ಜಿಬಿಶನ್ ಹಾಕಿದರು. ಜಾಯಿಂಟ್ ವೀಲು, ಮರದ ಕುದುರೆಗಳ ರಾಟೆ, ನಮ್ಮನ್ನು ಕುಂಬಳಕಾಯಿ ಮಾಡಿ ತೋರಿಸುವ ಕನ್ನಡಿ ಮನೆ. ಸೀಜನ್ ಮುಗಿಯುವವರೆಗೆ ಕಸ ಗುಡಿಸಲು ಹೆಂಗಸರು ಬೇಕು ಅಂತ ಕೇಳಿದ್ದೇ ತಡ, ಕಲ್ಲಮ್ಮಕ್ಕ ಹೋಗಿ ಸೇರಿಕೊಂಡಳು. ಲೇಡೀಸ್ ಹಾಸ್ಟೆಲ್ಲಿನ ವಾರ್ಡನ್ ರಾಮಲಕ್ಷ್ಮಮ್ಮನವರು ಒಂದು ಮಾತು ಕೊಟ್ಟಿದ್ದರು: "ಇಲ್ಲಿಗೆ ಬಂದ ಆಯಾಗಳೆಲ್ಲ ಅರ್ಧಕ್ಕೇ ಬಿಟ್ಟು ಹೋಗ್ತಾರೆ. ನೀನು ಆ ಕೆಲಸದಲ್ಲಿ ಕೊನೇವರೆಗೂ ನಿಂತು ತೋರಿಸು, ಆಮೇಲೆ ನನ್ನ ಹತ್ತಿರ ಬಾ."

ವಿಷಯ ಅವಳ ತವರು ಹಂದನಕೆರೆಗೆ ಮುಟ್ಟಿತು. ಅವಳ ಅಣ್ಣ ಏಕಾಂತಯ್ಯ ಕೊಬ್ಬರಿ ತಂದವನು, ಮಂಡಿಯಿಂದ ನೆಟ್ಟಗೆ ನಮ್ಮ ಕೋಣೆಗೆ ಬಂದ. ಹಣೆ ತುಂಬ ವಿಭೂತಿ, ಮೂಗಿನ ತುದೀಲಿ ಕೋಪ.

"ನಮ್ಮನೆ ಹೆಣ್ಣುಮಗಳು ಕಂಡೋರ ಎಂಜಲು ಗುಡ್ಸೋದಾ?"

"ನಿನ್ನ ಎಂಜಲು ಗುಡ್ಸಿಲ್ವಾ ಅಣ್ಣಾ? ಅವಾಗ ಯಾಕೆ ಕೇಳ್ಲಿಲ್ಲ?"

"ಬಾಯಿ ಜಾಸ್ತಿ ಆಯ್ತು ನಿಂದು. ಅವರು ನಿನ್ನ ಕೆಲಸದಿಂದ ಓಡಿಸ್ಲಿ, ಅವತ್ತೇ ಕೆಂಕೆರೆ ಬಸ್ಸು ಹತ್ತಿಸ್ತೀನಿ. ಗಂಡನ ಮನೇಲಿ ಬಿದ್ದಿರು. ಅವಳು ಎರಡನೇಯೋಳಾದ್ರೆ ಏನಂತೆ, ಅಡುಗೆಮನೆ ದೊಡ್ಡದಿದೆ."

"ಓಡಿಸ್ಲಿ ನೋಡಾನ" ಅಂದಳು ಕಲ್ಲಮ್ಮಕ್ಕ. ಕಾಫಿ ಕೊಟ್ಟಳು. ಸಕ್ಕರೆ ಹಾಕಲಿಲ್ಲ.

ಎಗ್ಜಿಬಿಶನ್ನಿನ ಕೆಲಸ ಶುರುವಾಗುವುದೇ ಜನ ಹೋದ ಮೇಲೆ. ನಮ್ಮ ಕಡೆ ದೀಪ ಹಚ್ಚಿದ ಮೇಲೆ ಗುಡಿಸಬಾರದು, ನಿಮಗೂ ಗೊತ್ತು. ಗುಡಿಸಲೇಬೇಕಾಗಿ ಬಂದರೆ ಕಸ ಹೊರಗೆ ಹಾಕಬಾರದು, ಮೂಲೆಗೆ ಒತ್ತಿಟ್ಟು ಪೊರಕೆಯನ್ನು ಪಕ್ಕದಲ್ಲಿ ಮಲಗಿಸಿ, ಬೆಳಗ್ಗೆ ಎತ್ತಿ ಹಾಕಬೇಕು. ಕತ್ತಲಲ್ಲಿ ಕಸದ ಜೊತೆ ಲಕ್ಷ್ಮಿ ಹೋಗಿಬಿಟ್ಟರೆ ಅಂತ. ತನ್ನ ಮನೆಯ ಲಕ್ಷ್ಮಿ ಯಾವತ್ತೋ ಹೋಗಿದ್ದರೂ ಕಲ್ಲಮ್ಮಕ್ಕ ಈ ಶಾಸ್ತ್ರ ಬಿಡಲಿಲ್ಲ. ಮೈದಾನದ ಕಸವನ್ನೆಲ್ಲ ತಗಡಿನ ಬೇಲಿಯ ಮೂಲೆಗೆ ತಂದು ಗುಡ್ಡೆ ಹಾಕೋಳು. ಅವಳ ಪೊರಕೆಯೂ ಅಷ್ಟೇ, ಅವಳೇ ಗರಿ ಸೀಳಿ ಕಡ್ಡಿ ತೆಗೆದು ಕಟ್ಟಿದ್ದು. ಕಟ್ಟಿದ ಗಂಟು ಹೆಬ್ಬೆರಳ ಕೆಳಗೇ ಬರಬೇಕು. ನಾನು ತಿರುಗಿಸಿ ಹಿಡಿದರೆ ಕೈ ಮೇಲೆ ಒಂದು ಏಟು.

ಜೊತೆಗೆ ಗುಡಿಸುತ್ತಿದ್ದವಳು ಓಬಮ್ಮ. ಅವಳು ಕುದುರೆ ರಾಟೆ ಬಿಟ್ಟು ಈಚೆ ಬರುತ್ತಿರಲಿಲ್ಲ. ಮೊದಲ ದಿನವೇ ಪಿಸುಗುಟ್ಟಿದಳಂತೆ.

"ಆ ಕೆಂಪು ತೊಟ್ಟಿಲ ಕಡೆ ತಲೆ ಎತ್ತಬ್ಯಾಡ ಕಣೇ."

"ಯಾಕೆ?"

"ಎತ್ತಬ್ಯಾಡ ಅಂದ್ರೆ ಎತ್ತಬ್ಯಾಡ."

ಜಾಯಿಂಟ್ ವೀಲಿನ ತೊಟ್ಟಿಲುಗಳೆಲ್ಲ ಹಸಿರು. ಒಂದೇ ಒಂದು ಕೆಂಪು. ಆಪರೇಟರ್ ಎಲ್ಲಿ ನಿಲ್ಲಿಸಿ ಹೋದರೂ ಜನರೇಟರ್ ಆರಿದ ಮೇಲೆ ಚಕ್ರ ಒಂದಿಷ್ಟು ತಾನಾಗಿ ಸರಿಯೋದು... ಕಿರ್ರ್... ಕೆಂಪು ತೊಟ್ಟಿಲು ತುದಿಗೆ ಹೋಗಿ ನಿಲ್ಲೋದು. ಭಾರ ಹೆಚ್ಚುಕಮ್ಮಿ ಇರಬೇಕು ಅಂತ ನಾನು ವಿವರಿಸಿದೆ. "ಹೂಂ, ಇರಬೇಕು" ಅಂದಳು ಕಲ್ಲಮ್ಮಕ್ಕ.

ಅದರಿಂದ ಅವಳಿಗೇನೂ ತೊಂದರೆ ಇರಲಿಲ್ಲ. ತೊಂದರೆ ಬೇರೆ. ಗುಡಿಸಿ ಮುಗಿಸಿದ ಮೇಲೆ ವಾಚ್‌ಮನ್ ಗೇಟಿಗೆ ಬೀಗ ಹಾಕೋನು. ಬೀಗದ ಕೈ ಮೇಸ್ತ್ರಿ ಬಸವರಾಜಪ್ಪನ ಸೊಂಟಕ್ಕೆ ಹೋಗೋದು. ಬೆಳಗ್ಗೆ ಅವನು ಬೀಗ ತೆಗೆದು ಮೊದಲು ನೋಡೋದೇ ನೆಲವನ್ನು. ಮೈದಾನವೆಲ್ಲ ಚೊಕ್ಕಟ... ಜಾಯಿಂಟ್ ವೀಲಿನ ಕೆಳಗೆ ಮಾತ್ರ ಹರಡಿದ ಕಡಲೆಕಾಯಿ ಸಿಪ್ಪೆ.

"ಗುಡ್ಸಿದ್ದೆ ಕಣ್ರೀ!"

"ಸಿಪ್ಪೆ ಆಕಾಶದಿಂದ ಬಿತ್ತಾ? ಇನ್ನೊಂದು ಸಲ ಹಿಂಗಾದ್ರೆ ನಾಳೆಯಿಂದ ಬರಬ್ಯಾಡ ಕಣಮ್ಮ. ಬೇರೆಯೋರು ಕಾಯ್ತಾವ್ರೆ."

ಅವತ್ತು ರಾತ್ರಿ ಅವಳು ಚಕ್ರದ ಕೆಳಗಿನ ನೆಲವನ್ನು ಎರಡೆರಡು ಸಲ ಗುಡಿಸಿದಳು. ಲಾಟೀನು ನೆಲಕ್ಕೆ ಹಿಡಿದು ನೋಡಿದಳು. ಒಂದು ಸಿಪ್ಪೆ ಇಲ್ಲ. ಓಬಮ್ಮ ಆಗಲೇ ಗೇಟಿನ ಹತ್ತಿರ ನಿಂತು ಅವಸರಿಸುತ್ತಿದ್ದಳು. ಕಲ್ಲಮ್ಮಕ್ಕ ಹೊರಟಳು. ನಾಲ್ಕು ಹೆಜ್ಜೆ ಹಾಕಿರಬೇಕು...

ಚಟ್.

ಕಡಲೆಕಾಯಿಯನ್ನು ಎರಡು ಬೆರಳ ನಡುವೆ ಒತ್ತಿದರೆ ಬರುವ ಸದ್ದು. ಆಮೇಲೆ ಸ್ವಲ್ಪ ಹೊತ್ತು ಏನಿಲ್ಲ. ಆಮೇಲೆ ಹಿಂದೆ ನೆಲದ ಮೇಲೆ... ಪಟ. ಪಟ. ಎರಡು ಹೋಳು.

ತಿರುಗಿದಳು. ಲಾಟೀನಿನ ಬೆಳಕಲ್ಲಿ ಗುಡಿಸಿದ ನೆಲದ ನಡುಮಧ್ಯೆ ಎರಡು ಸಿಪ್ಪೆ.

ಚಟ್... ಪಟ. ಪಟ.

ತಲೆ ಎತ್ತಿದಳು. ಗಾಳಿ ಇರಲಿಲ್ಲ. ಹಸಿರು ತೊಟ್ಟಿಲುಗಳು ಅಲ್ಲಾಡದೆ ನಿಂತಿದ್ದವು. ತುದಿಯ ಕೆಂಪು ತೊಟ್ಟಿಲು ಮಾತ್ರ, ಮಗು ಮಲಗಿಸಿ ತೂಗಿದ ಹಾಗೆ... ಹಿಂದಕ್ಕೆ, ಮುಂದಕ್ಕೆ. ಒಳಗೆ ಯಾರೋ ಅಗಿಯುವ ಸದ್ದು. ನಿಧಾನವಾಗಿ. ಆತುರವಿಲ್ಲದೆ.

"ಬಾರೇ..." ಗೇಟಿನಿಂದ ಓಬಮ್ಮನ ದನಿ. "ಬಂದ್ಬಿಡೇ ತಾಯಿ..."

ಬೇರೆ ಯಾರಾದರೂ ಆಗಿದ್ದರೆ ಓಡುತ್ತಿದ್ದರು. ನಾನಂತೂ ಅರ್ಥಶಾಸ್ತ್ರವನ್ನೂ ಅಲ್ಲೇ ಬಿಟ್ಟು ಓಡುತ್ತಿದ್ದೆ. ಆದರೆ ಕಲ್ಲಮ್ಮಕ್ಕನ ಕಣ್ಣ ಮುಂದೆ ಬಂದದ್ದು ದೆವ್ವವಲ್ಲ, ಕೆಂಕೆರೆ ಬಸ್ಸು. ಅದರ ಹಿಂದೆಯೇ ಆ ದೊಡ್ಡ ಅಡುಗೆಮನೆ.

ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಯಾವಳೇ ಅದು, ಗುಡ್ಸಿದ್ ಜಾಗದಾಗೆ ಸಿಪ್ಪೆ ಹಾಕೋಳು?"

ಅಗಿಯುವ ಸದ್ದು ನಿಂತಿತು.

"ಬದುಕಿರೋರು ಎಸೆಯೋದೇ ಸಾಲದು ಅಂತ ನೀನೂ ಶುರು ಮಾಡ್ಕೊಂಡ್ಯಾ? ಕೂತ್ಕೊ, ಬ್ಯಾಡ ಅನ್ನಲ್ಲ. ಟಿಕೆಟ್ಟೂ ಕೇಳಲ್ಲ. ನಮ್ಮಂಥೋರನ್ನ ಇದ್ದಾಗ ಯಾವನು ಹತ್ತಿಸ್ತಾನೆ, ಸತ್ತಾದ್ರೂ ಕೂತ್ಕೊ. ಆದ್ರೆ ತಿಂದಿದ್ನ ಬಳಿಯೋಳು ನಾನಾ? ಬೆಳಗ್ಗೆ ಆ ಮೀಸೆ ಬಸವರಾಜಪ್ಪ ನನ್ನ ಓಡಿಸ್ತಾನೆ. ನಾನು ಕೆಂಕೆರೆಗೆ ಹೋಗಲ್ಲ ಕಣೇ. ಬೇಕಾದ್ರೆ ನೀನೇ ಹೋಗು, ಅವನ ಅಟ್ಟದ ಮೇಲೆ ಕೂತ್ಕೊಂಡು ತಿನ್ನು!"

ತೊಟ್ಟಿಲು ಅಲ್ಲಾಡುವುದೂ ನಿಂತಿತು.

"ತಗೋ" ಅಂತ ಕೈಯಲ್ಲಿದ್ದ ಪೊರಕೆಯನ್ನು ಚಕ್ರದ ಬುಡಕ್ಕೆ ಎಸೆದಳು. ಕಬ್ಬಿಣಕ್ಕೆ ಬಡಿದು ಝಲ್ ಅಂತು. "ಇಳಿದು ಬಂದು ನೀನೇ ಗುಡ್ಸು."

ಅವಳು ಮನೆಗೆ ಬಂದಾಗ ನಾನಿನ್ನೂ ಎದ್ದಿದ್ದೆ. ಹೆಗಲು ಖಾಲಿ.

"ಪೊರಕೆ ಎಲ್ಲಕ್ಕ?"

"ಕೊಟ್ಟು ಬಂದೆ."

"ಯಾರಿಗೆ?"

"ಮೇಲಿರೋಳಿಗೆ."

"ಅವಳೇ ಅಂತ ಹೆಂಗೆ ಗೊತ್ತು?"

"ಗಂಡಸಾಗಿದ್ರೆ ಬೀಡಿ ತುಂಡು ಬೀಳ್ತಿತ್ತು."

ಹಾಗೆ ಅಂದವಳು ರಾತ್ರಿಯಿಡೀ ಮಗ್ಗುಲು ಬದಲಾಯಿಸುತ್ತಲೇ ಇದ್ದಳು. ಬೆಳಗ್ಗೆ ಕ್ಲಾಸು ಬಿಟ್ಟು ನಾನೂ ಜೊತೆಗೆ ಹೋದೆ. ಕೆಲಸ ಹೋದರೆ ಟ್ರಂಕು ಹಿಡಿದು ಬೆಂಗಳೂರಿಗಾದರೂ ಹೋಗುತ್ತೇನೆ, ಕೆಂಕೆರೆಗಲ್ಲ ಅಂತ ದಾರಿಯುದ್ದಕ್ಕೂ ಹೇಳುತ್ತಿದ್ದಳು. ಬಸವರಾಜಪ್ಪ ನಮ್ಮ ಕಣ್ಣೆದುರಿಗೇ ಬೀಗ ತೆಗೆದ. ನೆಟ್ಟಗೆ ಜಾಯಿಂಟ್ ವೀಲಿನ ಹತ್ತಿರ ಹೋದ. ಬಗ್ಗಿದ. ಎದ್ದ. ಮೀಸೆ ತೀಡಿಕೊಂಡ.

"ಇವತ್ತು ಪರವಾಗಿಲ್ಲ ಕಣಮ್ಮ. ಚೆನ್ನಾಗಿ ಗುಡ್ಸಿದ್ದೀಯ."

ಸಿಪ್ಪೆಯೆಲ್ಲ ಬೇಲಿಯ ಮೂಲೆಯಲ್ಲಿ, ಕಲ್ಲಮ್ಮಕ್ಕನ ಗುಡ್ಡೆಯ ಪಕ್ಕದಲ್ಲಿ, ಬೇರೆಯೇ ಒಂದು ಪುಟ್ಟ ಗುಡ್ಡೆಯಾಗಿತ್ತು. ಅದರ ಪಕ್ಕದಲ್ಲಿ ಪೊರಕೆ... ಮಲಗಿಸಿತ್ತು.

ಕಲ್ಲಮ್ಮಕ್ಕ ಅದನ್ನೇ ನೋಡುತ್ತ ನಿಂತಳು. "ನಮ್ಮ ಕಡೆಯೋಳೇ" ಅಂದಳು, ಮೆಲ್ಲಗೆ.

ಅವತ್ತು ಮಧ್ಯಾಹ್ನ ಕೂತು ಇನ್ನೊಂದು ಪೊರಕೆ ಕಟ್ಟಿದಳು. ಕಡ್ಡಿ ತೆಗೆದುಕೊಟ್ಟವಳು ನಾನೇ. ಆಮೇಲಿನ ಪ್ರತಿ ರಾತ್ರಿಯೂ ಆ ಹೊಸ ಪೊರಕೆಯನ್ನು ಚಕ್ರದ ಬುಡದಲ್ಲಿಟ್ಟು, ಜನರೇಟರ್ ಆರುವ ಮೊದಲೇ, ಕೆಳಗಿದ್ದ ಕೆಂಪು ತೊಟ್ಟಿಲಲ್ಲಿ ಕಡಲೆಕಾಯಿಯ ಒಂದು ಪೊಟ್ಟಣ ಇಟ್ಟು ಬರೋಳು. "ಕೂಲಿ" ಅನ್ನೋಳು. ಬಸವರಾಜಪ್ಪ ಮತ್ತೆ ಅವಳ ಮೇಲೆ ದನಿ ಎತ್ತಲಿಲ್ಲ. ಓಬಮ್ಮ ಮಾತ್ರ ಸೀಜನ್ ಮುಗಿಯುವವರೆಗೂ ಕುದುರೆ ರಾಟೆ ದಾಟಲಿಲ್ಲ.

ರಾಮಲಕ್ಷ್ಮಮ್ಮನವರು ಮಾತು ಉಳಿಸಿಕೊಂಡರು, ಹಾಸ್ಟೆಲ್ಲಿನಲ್ಲಿ ಆಯಾ ಕೆಲಸ ಕೊಟ್ಟರು. ಕೆಲವು ವರ್ಷದ ಮೇಲೆ ಏಕಾಂತಯ್ಯ ತನ್ನ ಮಗಳನ್ನು ಅದೇ ಹಾಸ್ಟೆಲ್ಲಿಗೆ ಸೇರಿಸಲು ಬಂದ. ಗೇಟಿನ ಬೀಗದ ಕೈ ತಂಗಿಯ ಸೊಂಟದಲ್ಲಿತ್ತು.

"ಗಂಡಸರು ಒಳಗೆ ಬರಂಗಿಲ್ಲ ಕಣಣ್ಣ. ಅಲ್ಲೇ ನಿಂತ್ಕೊ."

ನಿಂತ. ಬಿಸಿಲಿತ್ತು.

ಇನ್ನೊಂದು ಉಳಿದಿದೆ. ಎಗ್ಜಿಬಿಶನ್ ಕಿತ್ತ ದಿನ ಕಲ್ಲಮ್ಮಕ್ಕ ಎರಡೂ ಪೊರಕೆಗಳನ್ನು ಮನೆಗೆ ತಂದಳು. ಹೊಸದನ್ನು ಹಿಡಿದು ಅವಳು ಒಂದು ದಿನವೂ ಗುಡಿಸಿರಲಿಲ್ಲ, ಓಬಮ್ಮ ಮುಟ್ಟುವ ಮಾತೇ ಇಲ್ಲ. ನಾವು ಎರಡನ್ನೂ ಗಂಟು ಮೇಲೆ ಮಾಡಿ ಜಗುಲಿಯ ಮೇಲೆ ಪಕ್ಕಪಕ್ಕ ಇಟ್ಟು ನೋಡಿದೆವು. ಎರಡೂ ಸವೆದಿದ್ದವು. ಕಲ್ಲಮ್ಮಕ್ಕನದು ಒಂದು ಕಡೆಗೆ ಓರೆಯಾಗಿ, ಬಲಗೈಯವರದು ಸವೆಯುವ ಹಾಗೆ. ಹೊಸದು ಅದರ ಎದುರು ದಿಕ್ಕಿಗೆ.

ಆ ಪೊರಕೆ ಈಗಲೂ ನಮ್ಮ ಹಿತ್ತಿಲ ಬಾಗಿಲ ಹಿಂದೆ ಮಲಗಿದೆ. ಬೇಕಾದರೆ ಎದ್ದು ಹೋಗಿ ನೋಡಿ ಬನ್ನಿ. ನಮ್ಮ ಮನೆಯಲ್ಲಿ ಎಡಗೈಯವರು ಯಾರೂ ಇಲ್ಲ.