ಹೊಳಬಸಪ್ಪ ಎಣಿಸಿದ ಮೂವತ್ತು ಸೆಕೆಂಡು

ದೀಪ ಸಣ್ಣದು ಮಾಡ್ರಿ. ಇದು ನಮ್ಮಕ್ಕ ಗುರುಸಿದ್ದವ್ವನ ಮಗ ಹೊಳಬಸಪ್ಪನ ಮ್ಯಾಲೆ ಬಂದದ್ದು. ಎಂಬತ್ನಾಕನೇ ಇಸ್ವಿ, ಅಮಾಸಿ ಹಿಂದಿನ ರಾತ್ರಿ.

ಬಾಗಲಕೋಟಿಯ ಕಡೀ ಬಸ್ಸು ಕಮತಗಿ ಕ್ರಾಸಿನ್ಯಾಗ ಅವನೊಬ್ಬನ್ನ ಇಳಿಸಿ ಹೋತು. ಚಾದಂಗಡಿ ಹುಸೇನಸಾಬ ಒಲಿ ಆರಸಾಕತ್ತಿದ್ದ. ಹೊಳಬಸಪ್ಪ ಬಾವಿ ಹಾದಿ ಹಿಡದದ್ದು ಕಂಡು ಓಡಿ ಬಂದು ತೋಳ ಹಿಡದ.

“ಆ ಕಡೆ ಬ್ಯಾಡ್ರಿ ಸಾಹೇಬ್ರ. ಸುತ್ತು ಹಾಕ್ಕೊಂಡು ಹೋಗ್ರಿ...” ದನಿ ಪಿಸುಪಿಸು.

“ಸಮುದ್ರದ ಮ್ಯಾಲೆ ಹೆಲಿಕಾಪ್ಟರಿನ್ಯಾಗ ತಿರಗಾಂವ ನಾ. ನಮ್ಮೂರ ಮೆಟ್ಟಲ ಬಾವಿಗೆ ಅಂಜಲ್ಯಾ?”

“ಸಮುದ್ರದಾಗ ನಿಮ್ಮ ಗುರ್ತ ಯಾರಿಗೂ ಇಲ್ರಿ. ಇಲ್ಲಿ ಐತಿ.”

ಹೊಳಬಸಪ್ಪ ನಕ್ಕು ಹೊಂಟ. ನಕ್ಕ ಖರೆ, ಚೀಲ ಮಾತ್ರ ಎದಿಗೆ ಅವಚಿ ಹಿಡದಿದ್ದ. ಚೀಲದಾಗ ಒಂದು ಹಾಳಿ ಇತ್ತು.

ಆ ಹಾಳಿ ಏನಂತ ಮೊದಲ ಹೇಳ್ತೇನಿ. ಮುಂಬಯಿ ಆಚೆ ನಡು ಸಮುದ್ರದಾಗ, ತಳಕ್ಕ ತೂತು ಹೊಡದು ಎಣ್ಣಿ ಹುಡುಕೂ ಕಬ್ಬಣದ ಅಟ್ಟ ಇರ್ತಾವ. ತಳದಿಂದ ಉರಿಗಾಳಿ ಎದ್ದು ಬಂದ್ರ ತೂತಿನ ಬಾಯಿ ಮುಚ್ಚಾಕ ಅಲ್ಲೊಂದು ಕಬ್ಬಣದ ದವಡಿ. ಗುಂಡಿ ಒತ್ತಿದ್ರ ಮೂವತ್ತು ಸೆಕೆಂಡಿನೊಳಗ ಅದು ಕಚ್ಚಿ ಮುಚ್ಚಬೇಕು. ಸರಕಾರದ ಪರವಾಗಿ ಹೋಗಿ, ಗಡಿಯಾರ ಹಿಡದು, ಅದು ಮುಚ್ಚೂದನ್ನ ಕಣ್ಣಾರೆ ನೋಡಿ ಸಹಿ ಹಾಕೂದ ಹೊಳಬಸಪ್ಪನ ನೌಕರಿ. ಬಾಗಲಕೋಟಿ ವಿದ್ಯಾಗಿರಿ ಕಾಲೇಜಿನ್ಯಾಗ ಇಂಜಿನಿಯರಿಂಗ್ ಕಲ್ತು ಸೇರಿದ್ದ. ಆದ್ರ ಒಂದಿನ ಗಾಳಿ ಜೋರಿತ್ತು, ಹೆಲಿಕಾಪ್ಟರಿನವ ಅವಸರ ಮಾಡಿದ. ಇಂವ ಹಿಂದಿನ ತಿಂಗಳ ಪುಸ್ತಕ ನೋಡಿ “ಇಪ್ಪತ್ತೆಂಟು ಸೆಕೆಂಡು” ಅಂತ ಬರದು, ಸಹಿ ಹೊಡದು ಹಾರಿಬಂದ.

ಎಂಟ ದಿನಕ್ಕ ಉರಿಗಾಳಿ ಎದ್ದಿತು. ಗುಂಡಿ ಕಾಯಾಂವ ನಮ್ಮೂರ ಹುಡುಗನ, ಬೀರಪ್ಪ ದೇವರ ಒಕ್ಕಲು, ಕುರುಬರ ಅಮಸಿದ್ದಪ್ಪ. ಒತ್ತಿದ. ಒತ್ತಿದ. ಮುಷ್ಟಿಲೆ ಗುದ್ದಿದ. ದವಡಿ ಮುಚ್ಚಲಿಲ್ಲ... ಢಮ್! ಅಂವ, ಅವನ ಸಂಗತಿ ಮೂವರು, ನಿಂತಲ್ಲೇ ಹತ್ತಿ ಉರದು ಸಮುದ್ರಕ್ಕ ಬಿದ್ರು.

ಸರಕಾರದ ವಿಚಾರಣಿ ಕುಂತಿತು. ಮ್ಯಾಲಿನ ಸಾಹೇಬ ಒಬ್ಬಾಂವ ಹೊಳಬಸಪ್ಪನ ಕೈಯಾಗ ಟೈಪ್ ಮಾಡಿದ ಹಾಳಿ ಇಟ್ಟ. ‘ದವಡಿ ಚಲೋ ಇತ್ತು. ಅಮಸಿದ್ದಪ್ಪ ನಿದ್ದಿ ಮಾಡಿದ್ದ.’ ಸಹಿ ಹಾಕಿದ್ರ ನೌಕರಿ ಉಳೀತೈತಿ. ಸತ್ತಾಂವ ಮೂವರನ್ನ ಕೊಂದ ಪಾಪಿ ಆಗ್ತಾನ, ಅವನ ಹೇಣ್ತಿ ಲಗಮವ್ವ ಊರಾಗ ಮುಖ ಎತ್ತೂಹಂಗಿಲ್ಲ. ಬೆಳಗಾದ್ರ ಹಾಳಿ ಅಂಚೆಗೆ ಹೋಗೂದಿತ್ತು.

ಅಮಸಿದ್ದಪ್ಪನ ಹೆಣ ಸಿಗಲಿಲ್ಲ. ಮಣ್ಣು ಕೊಡಾಕ ಏನೂ ಇಲ್ಲದಾಗ ಹಿರ್ಯಾರು ಅವನ ಕಂಬಳಿಗೆ ದೇವರ ಭಂಡಾರದ ಅರಿಸಿಣ ಹಚ್ಚಿ, ಕಲ್ಲು ಕಟ್ಟಿ, ಮೆಟ್ಟಲ ಬಾವಿಗೆ ಬಿಟ್ಟಿದ್ರು. ನೀರಾಗ ಹ್ವಾದಾಂವಗ ನೀರಾಗ ಕೊಡಬೇಕಂತ. ಅವತ್ತಿನಿಂದ ಆ ನೀರು ಯಾರೂ ಸೇದಿಲ್ಲ.

ಹೊಳಬಸಪ್ಪ ಬಾವಿ ಸನೇಕ ಬಂದ. ತೊಯ್ದ ಕಂಬಳಿ ಉಣ್ಣಿ ವಾಸನಿ...

ಟಪ್... ಟಪ್... ಕಲ್ಲಿನ ಮ್ಯಾಲೆ ನೀರು ಸೋರೂ ಸಪ್ಪಳ. ಆಮ್ಯಾಲೆ ಸರ್ರ್... ಸರ್ರ್... ಒದ್ದಿ ಕಂಬಳಿ ಎಳಕೊಂಡು ಬರೂ ಸಪ್ಪಳ. ಇಂವ ನಿಂತ. ಅದೂ ನಿಂತಿತು.

“ಸಾಹೇಬ್ರ... ಟೈಮ್ ಎಷ್ಟಾತ್ರಿ?”

ನೌಕರಿಯ ರೂಢಿ ನೋಡ್ರಿ. ಕತ್ತಲಾಗ ಯಾರು ಏನು ಅನ್ನದ ಕೈ ಎತ್ತಿ ಗಡಿಯಾರ ನೋಡಿದ. ಆ ಕೈನ ಹಿಡೀತು. ಲಟಕ್! ಮಣಿಕಟ್ಟು ಮುರೀತು. ಮೆಟ್ಟಲ ಮ್ಯಾಲೆ ದಬ್ ದಬ್ ದಬ್ ಎಳಕೊಂಡು ಇಳೀತು. ಮಕ ಕಲ್ಲಿಗೆ ಬಡದು ಎರಡು ಹಲ್ಲು ಕಿತ್ತು ಬಾಯಿತುಂಬ ರಕ್ತ.

“ಎಣಸ್ರಿ” ಅಂತು. ತಲಿ ನೀರಾಗ ಒತ್ತಿತು.

ಬುಳುಕ್... ಬುಳುಕ್... ಹೊಳಬಸಪ್ಪ ಮನಸಿನ್ಯಾಗ ಎಣಿಸಿದ. ಮೂವತ್ತಕ್ಕ ಮ್ಯಾಲೆತ್ತಿತು.

“ಎಷ್ಟು ಬರದ್ರಿ?”

“ಇ... ಇಪ್ಪತ್ತೆಂಟು.”

“ನೋಡಿದ್ರೇನು?”

“ನೋಡೇನಿ...”

ಹಣಿ ಕಲ್ಲಿಗೆ ಚಟ್ ಅಂತು. ಮತ್ತ ನೀರು. ಮತ್ತ ಮೂವತ್ತು.

“ನೋಡಿದ್ರೇನು?”

“ಗಾಳಿ ಭಾಳಿತ್ತೋ... ಹೆಲಿಕಾಪ್ಟರ್ ಹೊಂಟಿತ್ತು...”

“ಅದನ್ನ ಕೇಳಲಿಲ್ಲ.”

ಈ ಸಲ ಮೂವತ್ತಕ್ಕ ಎತ್ತಲಿಲ್ಲ. ನಲವತ್ತು... ಐವತ್ತು... ಎದಿ ಒಡೀತು ಅನ್ನೂದರಾಗ ಮ್ಯಾಲೆ ಬಂದ.

“ನೋಡಿಲ್ಲೋ ಯಪ್ಪಾ! ನೋಡಿಲ್ಲ! ಹಿಂದಿನ ತಿಂಗಳದ್ದು ಕಂಡು ಬರದೆ!”

ಹಿಡಿ ಸಡಲ್ತು. ಬಾವಿ ಗಪ್ಪಾತು. ಕಿವ್ಯಾಗ ಉಸರಿನಂಗ ಒಂದ ಮಾತು...

“ಲಗಮಿ ಮುಂದ ಹೇಳ್ರಿ.”

ಮ್ಯಾಲಿನ ಮೆಟ್ಟಲದಾಗ ಬಿದ್ದಿದ್ದ ಚೀಲ ಕೊಳ್ಳಾಗ ಹಾಕ್ಕೊಂಡು ಅಂಬೆಗಾಲಿಲೆ ಹ್ವಾದ, ಲಗಮವ್ವನ ಬಾಗಲಿಗೆ. ಅಕಿ ಕಂದೀಲು ಹಿಡದು ಬಂದ್ಲು. ಇಂವ ಹೊಸ್ತಿಲದಾಗ ಬಿದ್ಕೊಂಡ ಎಲ್ಲಾ ಹೇಳಿದ. ಅಕಿ ಅಳಲಿಲ್ಲ. ಮೂಲ್ಯಾಗಿನ ಒನಕಿ ತಗೊಂಡು ಅವನ ಬೆನ್ನಿಗೆ ಬಾರಿಸಿದ್ಲು. ಒಂದು... ಎರಡು... ಮೂರನೇದಕ್ಕ ಎತ್ತಿದ ಒನಕಿ ಮೂಲಿಗೆ ಒಗದ್ಲು.

“ನನ್ನ ಗಂಡ ನಿದ್ದಿಗೇಡಿ ಅಲ್ಲ” ಅಂದ್ಲು. “ಬರೀರಿ ಅದನ್ನ.”

ಬಲಗೈ ಮುರದಿತ್ತು. ಎಡಗೈಲೆ, ಅದ ಟೈಪ್ ಹಾಳಿ ಬೆನ್ನಿಗೆ, ಸಾಲಿ ಹುಡುಗರಂಗ ಸೊಟ್ಟ ಅಕ್ಷರದಾಗ ಇದ್ದದ್ದೆಲ್ಲ ಬರದ. ಅಕಿಗೆ ಓದಾಕ ಬರ್ತಿದ್ದಿಲ್ಲ. ಮೂರ ಸಲ ಓದಿಸಿ ಕೇಳಿದ್ಲು. ಬೆಳಿಗ್ಗೆ ತಾನ ಹೋಗಿ ಅಂಚೆಗೆ ಹಾಕಿದ್ಲು. ಅಮಸಿದ್ದಪ್ಪನ ಮ್ಯಾಲಿನ ಮಾತು ಅಳಿಸಿತು. ಹೊಳಬಸಪ್ಪನ ನೌಕರಿ ಹೋತು.

ಕುಡದು ಬಾವ್ಯಾಗ ಬಿದ್ದಿರಬೇಕು ಅಂದವರೂ ಅದಾರ. ಅನ್ಲಿ. ಆ ದಿನದಾಗ ಬಾವಿ ನೀರು ಮುಟ್ಟಿದ್ರ ಕೈಬಟ್ಟು ಸೆಟೀತಿದ್ವು, ಅಷ್ಟು ತಣ್ಣಗ. ಆದ್ರ ಅವನ ಕುತ್ತಿಗಿ ಹಿಂದ ಐದು ಬಟ್ಟಿನ ಬೊಬ್ಬಿ ಎದ್ದಿದ್ವು. ದವಾಖಾನಿ ಡಾಕ್ಟರು ಚೀಟಿಯೊಳಗ “ಬೆಂಕಿ ಸುಟ್ಟ ಗಾಯ” ಅಂತ ಬರದ್ರು. ಹದಿನೈದು ದಿನ ಅದಕ್ಕ ಬೆಣ್ಣಿ ಹಚ್ಚಿದಾಕಿ ನಾ. ಈ ಕೈಲೆ ಹಚ್ಚೇನಿ.