ಆಲದ ಕೆಳಗಿನ ಚಾಪೆ

ನಮ್ಮ ದ್ವೀಪವೇ ಆಗಿ ಮಲಗಿದ ಮೊಸಳೆಯಜ್ಜನ ಆಣೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆ ಅಜ್ಜನ ಬಾಯೊಳಗೆ ಕೈ ಹಾಕಿ ಹಲ್ಲೆಣಿಸಿ ಬಂದವನು ನಾನು. ಅರವತ್ತಾರಿದ್ದವು. ಇಡೀ ತಿಮೋರಿನಲ್ಲಿ ಇನ್ನೊಬ್ಬನನ್ನು ತೋರಿಸಿ, ನೋಡೋಣ! ಅಂಥವನು ಸುಳ್ಳು ಹೇಳುತ್ತಾನೆಯೆ? ದೀಪ ಸ್ವಲ್ಪ ಸಣ್ಣದು ಮಾಡಿ. ಹಾಂ...

ಇದು ನನ್ನ ಚಿಕ್ಕಪ್ಪನ ಮಗ ಅಬೀಲಿಯುವಿಗೆ ಆದದ್ದು. ಪರದೇಶದ ಸೈನ್ಯ ಇಪ್ಪತ್ತನಾಲ್ಕು ವರ್ಷ ನಮ್ಮ ಎದೆಯ ಮೇಲೆ ಕೂತು, ಹೋಗುವಾಗ ಊರು ಸುಟ್ಟು ಹಡಗು ಹತ್ತಿತ್ತು. ಶಾಂತಿ ಬಂತು ಅಂತ ರಾಜಧಾನಿ ದಿಲಿಯಿಂದ ರೇಡಿಯೊ ಕೂಗಿತು. ಬಂದಿರಬಹುದು. ನಮ್ಮ ಗುಡ್ಡಕ್ಕೆ ಅದು ನಡೆದೇ ಬರಬೇಕು, ರಸ್ತೆ ಎಲ್ಲಿತ್ತು? ನಮ್ಮಲ್ಲಿ ಶಾಂತಿ ಅಂದರೆ ಚಾಪೆ. ಆಲದ ಕೆಳಗೆ ಹಾಸುತ್ತಾರೆ. ತಪ್ಪು ಮಾಡಿದವರೂ ಕಳಕೊಂಡವರೂ ಅದರ ಮೇಲೆ ಕೂತು, ಇದ್ದದ್ದನ್ನೆಲ್ಲ ಹೇಳಿ, ಒಂದೇ ಬುಟ್ಟಿಯ ಎಲೆ ಅಡಿಕೆ ಮೆಲ್ಲಬೇಕು. ಆಮೇಲೇ ಚಾಪೆ ಸುತ್ತುವುದು. ಅಲ್ಲಿಯವರೆಗೆ ಹಾಸಿದ್ದು ಹಾಸಿದ ಹಾಗೇ.

ಆ ಸಲ ಕೂತವರು ಎರ್ಮೆಲಿಂದಾ ಅತ್ತೆ ಮತ್ತು ಪಕ್ಕದ ಮನೆಯ ಕೈತಾನು. ಅತ್ತೆಯ ಮಗ ಜಾಸಿಂತುವನ್ನು ಸೈನ್ಯಕ್ಕೆ ಹಿಡಿದುಕೊಟ್ಟವನು ಅವನೇ.

"ಕೈ ಕಟ್ಟಿ ಲಾರಿ ಹತ್ತಿಸಿದ್ದು ನಾನೇ, ಅತ್ತೆ."

"ಅದು ಊರಿಗೇ ಗೊತ್ತು. ಮೂಳೆ ಎಲ್ಲಿದೆ, ಅಷ್ಟು ಹೇಳು. ಮಣ್ಣು ಮಾಡಿ ಬಂದು ನಿನ್ನ ಕೈಯಿಂದ್ಲೇ ಅಡಿಕೆ ಇಸ್ಕೋತೀನಿ."

"ಲಾರಿ ಎಲ್ಲಿಗೆ ಹೋಯ್ತೋ ಗೊತ್ತಿಲ್ಲ. ಗೊತ್ತಿದ್ರೆ ಉಗುರಲ್ಲೇ ತೋಡ್ತಿದ್ದೆ."

ಗೊತ್ತಿದ್ದವರು ಸಮುದ್ರದಾಚೆ. ಹನ್ನೊಂದು ದಿನ ಇಬ್ಬರೂ ಬಂದು ಕೂತರು, ಅದನ್ನೇ ಆಡಿದರು, ಎದ್ದು ಹೋದರು.

ಹನ್ನೊಂದನೆಯ ರಾತ್ರಿ ಅಬೀಲಿಯು ಹೆಂಡತಿಯ ತವರಲ್ಲಿ ತಾಳೆಹೆಂಡ ಏರಿಸಿಕೊಂಡು ಮನೆಗೆ ಹೊರಟಿದ್ದ. ನಾನು ಕುಡಿಯುವುದರ ಕಾಲುಭಾಗ, ಅಷ್ಟಕ್ಕೇ ತೂರಾಟ. ಚಂದ್ರನಿಲ್ಲ. ನಾಯಿಗಳ ದನಿಯಿಲ್ಲ... ಆಲದ ಹತ್ತಿರ ಕೇಳಿಸಿತು. ಟಿಕ್... ಟಿಕ್... ಬಿದಿರಿನ ಸುಣ್ಣದ ಡಬ್ಬಿಯನ್ನು ಅಂಗೈಗೆ ತಟ್ಟುವ ಸದ್ದು. ಆಮೇಲೆ ಕಟಕ್. ಒಣ ಅಡಿಕೆ ಹಲ್ಲಿಗೆ ಸಿಕ್ಕ ಸದ್ದು.

ಚಾಪೆಯ ಮೇಲೆ ಯಾರೋ.

"ಕೈತಾನು, ಮನೆಗೆ ಹೋಗೋ ಮಾರಾಯ. ಥಂಡಿ ಹಿಡ್ಕೊಳ್ಳತ್ತೆ."

"ನಾನು ಕೈತಾನು ಅಲ್ಲ."

ಕುಡಿದದ್ದೆಲ್ಲ ಒಂದೇ ಸಲಕ್ಕೆ ಇಳಿಯಿತು. ಆ ದನಿ ಅವನಿಗೆ ಗೊತ್ತು. ಒಟ್ಟಿಗೆ ಎಮ್ಮೆ ಕಾಯ್ದವರು.

"...ಜಾಸಿಂತು?"

"ಅಮ್ಮ ಇನ್ನೂ ಅಡಿಕೆ ಹಾಕ್ಕೊಂಡಿಲ್ವಾ?"

"ಇಲ್ಲ ಕಣೋ. ನೀನು ಎಲ್ಲಿದೀಯ ಹೇಳಿಬಿಡು. ಬೆಳಿಗ್ಗೇನೇ ಹೋಗಿ ತರ್ತೀವಿ."

ಟಿಕ್...

"ಕಣ್ಣಿಗೆ ಬಟ್ಟೆ ಕಟ್ಟಿದ್ರು ಕಣೋ. ನಂಗೂ ಗೊತ್ತಿಲ್ಲ. ನಿಮಗೇನಾದ್ರೂ ಗೊತ್ತಾ ಅಂತ ಕೇಳೋಕೆ ಬಂದೆ."

ಬೆಳಗಾಗುತ್ತಲೇ ಅಬೀಲಿಯು ಹೋಗಿ ಅತ್ತೆಗೆ ಹೇಳಿದ. ಅತ್ತೆ ಕೇಳಿಸಿಕೊಂಡರು. ಕೈತಾನುವಿನ ಕೈಯಿಂದ ಅಡಿಕೆ ತೆಗೆದು ಬಾಯಿಗೆ ಹಾಕಿಕೊಂಡರು. ಚಾಪೆ ಸುತ್ತಿದರು. ಕತೆ ಮುಗಿಯಿತು.

ಯಾಕೆ ಹಾಗೆ ನೋಡುತ್ತೀರಿ?

ಸರಿ, ಸರಿ... ಕೊನೆಯಲ್ಲಿ ಒಂದು ಚೂರು ನಾನೇ ಸೇರಿಸಿದೆ. ಚಾಪೆ ಸುತ್ತಲಿಲ್ಲ. "ಚಿಕ್ಕೋನಿದ್ದಾಗ್ಲೂ ಹೀಗೇ ದಾರಿ ತಪ್ಪಿಸ್ಕೊಳ್ತಿದ್ದ" ಅಂದರು ಅತ್ತೆ, ಅಷ್ಟೇ. ಇಬ್ಬರೂ ಇವತ್ತಿಗೂ ಹೋಗಿ ಕೂರುತ್ತಾರೆ. ಉಳಿದದ್ದೆಲ್ಲ ನಡೆದದ್ದೇ. ನಂಬದಿದ್ದರೆ ಹೋಗಿ ಮುಟ್ಟಿ ನೋಡಿ. ಎಂಥ ಮಳೆ ಹೊಯ್ದರೂ, ಆ ಚಾಪೆಯಲ್ಲಿ ಒಬ್ಬರು ಕೂರುವಷ್ಟು ಜಾಗ ಒದ್ದೆಯಾಗುವುದಿಲ್ಲ.