ಎರೆಹುಳದ ಡಬ್ಬಿ

ಶಾಲೆಯ ಕಾರಿಡಾರಿನಲ್ಲಿ ಏಣಿ ಹತ್ತಿ ಟ್ಯೂಬ್‌ಲೈಟ್ ಬದಲಿಸುತ್ತಿದ್ದ ಎಲೆಕ್ಟ್ರಿಷಿಯನ್‌ಗೆ ಕೆಳಗಿನ ಬೆಂಚಿನ ಮಾತು ಬೇಡವೆಂದರೂ ಕೇಳಿಸುತ್ತಿತ್ತು. ಹೆಡ್‌ಮೇಡಂ ಕೋಣೆಯ ಮುಂದೆ ಶಿಶುವಿಹಾರದ ಟೀಚರ್ ತೊಡೆಯ ಮೇಲೊಂದು ಡಬ್ಬಿ ಇಟ್ಟುಕೊಂಡು ಕೂತಿದ್ದಳು, ಪಕ್ಕದಲ್ಲಿ ಅವಳ ಅಕ್ಕ.

“ತಪ್ಪಾಯ್ತು, ಇನ್ಮೇಲೆ ಮಕ್ಕಳನ್ನ ಹೊರಗೆ ಕರ್ಕೊಂಡು ಹೋಗಲ್ಲ ಅನ್ನು. ಕೆಲಸ ಉಳಿಯುತ್ತೆ.”

“ಏನು ತಪ್ಪಾಯ್ತಕ್ಕ?”

“ಮಗು ಜೇಬಲ್ಲಿ ಎರೆಹುಳ ತುಂಬ್ಕೊಂಡು ಮನೆಗೆ ಹೋಗಿದೆ ಕಣೇ! ಅವರಮ್ಮ ಚಡ್ಡಿ ಒಗೆಯೋಕೆ ಹೋಗಿ ಕಿರುಚಿದ್ದು ಬೀದಿಗೆಲ್ಲ ಕೇಳಿಸ್ತಂತೆ. ಮೇಡಂಗೆ ದೂರೂ ಕೊಟ್ಟಿದ್ದಾರೆ.”

“ಹುಳಕ್ಕೆ ಒದ್ದೆ ಮಣ್ಣು ಬೇಕು ಅಂತ ಮಣ್ಣನ್ನೂ ತುಂಬ್ಕೊಂಡಿದ್ದ. ಹೇಳಿಕೊಟ್ಟಿದ್ದನ್ನ ಎಷ್ಟು ಚೆನ್ನಾಗಿ ಕಲ್ತಿದ್ದಾನೆ ನೋಡು.”

“ಇದನ್ನೇ ಒಳಗೆ ಹೇಳಿಬಿಟ್ಟೀಯ!”

“ಅದನ್ನೇ ಹೇಳೋದು. ಪುಸ್ತಕದ ಎರೆಹುಳಕ್ಕೆ ಎರಡು ಕಣ್ಣು, ಮೇಲೊಂದು ಟೋಪಿ. ನಿಜವಾದ ಹುಳ ನೋಡಿ ‘ಇದಕ್ಕೆ ಕಣ್ಣೇ ಇಲ್ಲ ಟೀಚರ್’ ಅಂತ ಕಂಡುಹಿಡಿದಿದ್ದು ಆ ಪುಟಾಣಿ.”

“ನಿನ್ನ ತಲೆ! ಕೆಲಸ ಹೋದ್ರೆ?”

“ಬೇರೆ ಕಡೆ ಹುಡುಕ್ತೀನಿ. ಗೋಡೆ ಮೇಲಿನ ಚಿತ್ರ ತೋರಿಸಿ ಮರದ ಪಾಠ ಮಾತ್ರ ಮಾಡಲ್ಲ.”

“ಆ ಡಬ್ಬಿಯಲ್ಲೇನು, ಊಟಾನಾ?”

“ಮಣ್ಣು. ಒಳಗೆ ಹುಳ ಇವೆ. ಮೇಡಂ ಕೈಮೇಲೆ ಒಂದನ್ನ ಬಿಡ್ತೀನಿ.”

“ಅಯ್ಯೋ ಹುಚ್ಚೀ!”

ಅಷ್ಟರಲ್ಲಿ ಆಯಾ ಬಾಗಿಲು ತೆರೆದು ಒಳಗೆ ಕರೆದಳು. ಟೀಚರ್ ಎದ್ದಳು. ಅಕ್ಕ ಸರಕ್ಕನೆ ಡಬ್ಬಿ ಕಿತ್ತುಕೊಂಡಳು. ಇನ್ನೇನು, ಕಸದ ಬುಟ್ಟಿಗೆ ಸುರಿಯುತ್ತಾಳೆ ಅಂದುಕೊಂಡ ಏಣಿ ಮೇಲಿದ್ದವನು.

“ನೀನು ಬೀಳಿಸ್ತೀಯ,” ಎನ್ನುತ್ತ ಅಕ್ಕ ತಂಗಿಗಿಂತ ಮುಂದಾಗಿ ಹೊಸ್ತಿಲು ದಾಟಿದಳು. “ನಾನೇ ಹಿಡ್ಕೊತೀನಿ. ಮುಚ್ಚಳ ಯಾವಾಗ ತೆಗೀಬೇಕು, ಅದನ್ನ ಹೇಳು.”